ಅತ್ತೆಗೊಂದು ಮಫ್ಲರ್

ಜುಲೈ ಅಂದರೆ ಅಲ್ಲಿ ನಡುಚಳಿಗಾಲ; ಆ ಗಾಳಿಗೆ ಅಚಾವೊ ಊರಿನ ಧಕ್ಕೆಯಲ್ಲಿ ಲಾಂಚುಗಳೆಲ್ಲ ತಡವಾಗಿದ್ದವು. ತನ್ನೂರಿನ ಲಾಂಚಿಗೆ ಕಾಯುತ್ತ ಆಲೂಗಡ್ಡೆ ಚೀಲದ ಮೇಲೆ ಕುಳಿತಿದ್ದ ಎದೆಲ್‌ಮೀರಾಳ ಪಕ್ಕದಲ್ಲೇ ಇಬ್ಬರು ಮೀನುಗಾರರು ಕೂತಿದ್ದರು. ಅವರಲ್ಲಿ ರೆಮಿಹಿಯೊ ಎಂಬವನ ಒರಟು ಕೈಯಲ್ಲಿ ಕ್ರೋಶಾ ಕಡ್ಡಿಯಿತ್ತು. ಬೂದು ಉಣ್ಣೆಯ ಮಫ್ಲರೊಂದು ತುದಿಯೇ ಇಲ್ಲದೆ, ಬಳೆಯ ಹಾಗೆ ಸುತ್ತುಸುತ್ತಾಗಿ ಬೆಳೆಯುತ್ತಿತ್ತು. ಬೇಡವೆಂದರೂ ಅವಳ ಕಿವಿ ಅತ್ತಲೇ ಹೋಯಿತು.

“ಬಲೆ ಹೆಣೆಯೋ ಕೈಗೆ ಇದೇನೋ ಬಂತು?” ಎಂದ ಗೆಳೆಯ ಬಾಲ್ದೊ.

“ಅದೂ ದಾರ, ಇದೂ ದಾರ. ನಮ್ಮತ್ತೆಗೆ ಕಣೋ.”

“ಮಗಳನ್ನ ನಿಂಗೆ ಕೊಡಲ್ಲ ಅಂತ ಮದುವೆಗೂ ಬರದೆ ಬಾಗಿಲು ಹಾಕ್ಕೊಂಡು ಕೂತಿದ್ಲಲ್ಲ, ಆ ಮುದುಕಿಗಾ?”

“ಇನ್ನೆಷ್ಟು ಜನ ಅತ್ತೇರಿದಾರೆ ನಂಗೆ?”

“ಒಂಬತ್ತು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ನೋಡ್ತಿರು, ಒಲೆಗೆ ಹಾಕ್ತಾಳೆ.”

“ಹಾಕ್ಲಿ. ಹಾಕೋಕಾದ್ರೂ ಕೈಗೆ ತಗೋಬೇಕಲ್ಲ.”

“ಅಂಗಡೀಲಿ ಉದ್ದನೆ ಮಫ್ಲರ್ ಸಿಗ್ತಿರ್ಲಿಲ್ವಾ?”

“ಈಸ್ಟರ್ ಆದ್ಮೇಲೆ ಲಕ್ವ ಹೊಡೀತಲ್ಲ, ಎಡಗೈ ಏಳೋದೇ ಇಲ್ಲ. ಒಂದೇ ಕೈಲಿ ಗಂಟು ಹಾಕೋಕಾಗುತ್ತಾ? ಇದಾದ್ರೆ ತಲೆ ಮೇಲಿಂದ ಇಳಿಸ್ಕೊಂಡ್ರೆ ಮುಗೀತು. ಯಾರ ಹಂಗೂ ಬೇಡ.”

ಬಾಲ್ದೊ ಮಫ್ಲರಿನ ಅಂಚು ಹಿಡಿದು ಅಗಲಿಸಿ ನೋಡಿದ.

“ತಲೆ ಹಿಡಿಸುತ್ತೇನೋ? ಆಯಮ್ಮಂದು ದೊಡ್ಡ ತಲೆ.”

“ನಿಂದೂ ದೊಡ್ಡದೇ. ಬಾ ಇಲ್ಲಿ.”

ರೆಮಿಹಿಯೊ ದಾರ ಕತ್ತರಿಸಿ, ಗೆಳೆಯನ ಟೊಪ್ಪಿ ಕಿತ್ತು, ಮಫ್ಲರನ್ನು ಅವನ ಕತ್ತಿಗೆ ಇಳಿಸಿದ. ಸಲೀಸಾಗಿ ಇಳಿಯಿತು. ಅಷ್ಟರಲ್ಲಿ ಲಾಂಚು ಬಂದು ಧಕ್ಕೆಗೆ ತಾಗಿತು.

“ತೆಗ್ಯೋ, ನೀರು ಹಾರುತ್ತೆ.”

“ಅವಳ ಮನೆ ಬಾಗಿಲವರೆಗೂ ಇರ್ಲಿ ಬಿಡೋ. ನಾನೂ ನಿನ್ ಜೊತೆ ಬರ್ತೀನಿ.”

ಇಬ್ಬರೂ ಮೆಟ್ಟಿಲಿಳಿದು ಹೋದರು. ಅದು ಎದೆಲ್‌ಮೀರಾಳ ಊರಿನ ಲಾಂಚಲ್ಲ. ಆದರೂ ಅವಳು ತನ್ನವರನ್ನೇ ಬೀಳ್ಕೊಡುವವಳ ಹಾಗೆ ಚೀಲದಿಂದ ಎದ್ದು ನಿಂತುಬಿಟ್ಟಿದ್ದಳು.