ಹಸುವಿಗೂ ಹಾಕಬಹುದಾದ ತಟ್ಟೆ

ದನದಾಸ್ಪತ್ರೆಯ ಬೆಂಚಿನ ಮೇಲೆ ಮೇಕೆ ಹಿಡಿದು ಕೂತಿದ್ದ ದರ್ಜಿ ಕೇಳಬೇಕೆಂದು ಕೇಳಲಿಲ್ಲ. ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತು ತಾನಾಗಿ ಕಿವಿಗೆ ಬಿತ್ತು.

“ನಾವು ಮಾಡಿ ಮಾರೋದು ಭತ್ತದ ಹುಲ್ಲಿನ ತಟ್ಟೆ, ಉಂಡಾದ್ಮೇಲೆ ಹಸುಗೆ ಹಾಕಿ ಅಂತ ನಾನು ಊರಿಗೆಲ್ಲ ಡಂಗುರ ಹೊಡೆದ್ನಲ್ಲೋ!”

“ಬಿಸಿ ಬಡಿಸಿದ್ರೆ ಸೋರ್ತಿತ್ತು ಅಕ್ಕಾ. ಅದಕ್ಕೇ ಮೇಲೊಂದು ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಸ್ದೆ.”

“ನಂಗೊಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ರೆ ನೀನು ಬೇಡ ಅಂತಿದ್ದೆ.”

“ಹೌದು, ಅಂತಿದ್ದೆ.”

ಡಾಕ್ಟರು ಹೊರಗೆ ಬಂದರು. “ಹೊಟ್ಟೆ ತುಂಬ ಹಾಳೇನೇ ಇತ್ತಮ್ಮ, ಉಳಿಸೋಕಾಗ್ಲಿಲ್ಲ,” ಎಂದು ಅವರ ಹಸುವಿನ ಹಗ್ಗವನ್ನು ಅಕ್ಕನ ಕೈಗಿಟ್ಟರು.

“ತಪ್ಪು ನಂದೇ ಅಕ್ಕಾ,” ಎಂದ ತಮ್ಮ.

ಅವಳು ಹಗ್ಗ ಸುತ್ತಿಕೊಳ್ಳುತ್ತ ಗೇಟಿನತ್ತ ನಡೆದಳು. “ಅದು ತಟ್ಟೆ ಮೂಸಿ ಮುಖ ತಿರುಗಿಸ್ಕೊಂಡಿತ್ತು ಕಣೋ. ಮೂಕಪ್ರಾಣಿಗೆ ಗೊತ್ತಾಗಿತ್ತು. ನಾನೇ ದಿನಾ ಬೆಲ್ಲ ಸವರಿ ತಿನ್ನಿಸ್ದೆ.”