ದೊಡ್ಡ ಚರ್ಚಿನ ಭಾವಿ ಕಡೆ ಬಾಗಲಾ

ದನಿ ಸಣ್ಣ ಮಾಡ್ತೀನಿ, ಒಳಗ ಮಕ್ಕಳು ಮಲಗ್ಯಾವ. ಇದು ನಮ್ಮ ಚಿಕ್ಕಪ್ಪನ ಮಗ ನಂದೀಶಣ್ಣಗ ಆಗಿದ್ದು. ಇದೇ ನಾಗಪುರದಾಗ, ಹೋದ ವರ್ಷ ದೀಪಾವಳಿ ಮುಂದ.

ಅಣ್ಣ ರೈಲ್ವೆದಾಂವ. ಕೋರಾಡಿಯೊಳಗ ಅಕ್ಕನ ಮನ್ಯಾಗ ಉಂಡು, ಕಡೀ ಬಸ್ಸಿಗೆ ಬಂದು ಸದರ್ ಪ್ಯಾಟ್ಯಾಗ ಇಳಿದ. ಕ್ವಾರ್ಟರ್ಸಿಗೆ ನಡಕೋತ ಹೊಂಟ. ದಾರ್ಯಾಗ ಹಳೇ ಕೆಥೆಡ್ರಲ್ ಐತಿ, ಇಂಗ್ಲಿಷರ ಕಾಲದ ಕಲ್ಲಿನ ಚರ್ಚು. ಪ್ಲೇಗ್ ಬಂದಾಗ ಊರಾಗ ಯಾರೂ ಮುಟ್ಟದ ರೋಗಿಗಳನ್ನ ಅಲ್ಲೇ ಒಳಗ ಖಾಟ್, ಕಬ್ಬಿಣದ ಮಂಚ, ಹಾಕಿ ನೋಡಕೊಂಡಿದ್ರಂತ. ಜಾತಿ ಕೇಳಲಿಲ್ಲಂತ. ಈಗೂ ಗುರುವಾರ ಪುಕ್ಕಟೆ ಔಷಧ ಕೊಡತಾರ, ಅರ್ಧಾ ಸದರ್ ಅಲ್ಲಿ ಪಾಳಿ ಹಚ್ಚತೈತಿ.

ಕಂಪೌಂಡಿನ ಭಾವಿ ಹತ್ರ... ಧಪ್. ಧಪ್. ಒದ್ದೆ ಗೋಣಿಚೀಲಕ್ಕ ಬಡದಂಗ. ಗೇಟಿನ ಬಾಜೂಕ ಮಲಗೋ ಭಿಕ್ಷುಕ ಮುದುಕನ್ನ ಇಬ್ಬರು ಕಬ್ಬಿಣದ ರಾಡಿನಿಂದ ಬಡೀತಿದ್ರು. ಅಣ್ಣ ಗೇಟಿನೊಳಗ ಹೋಗಿ ಬಿಡ್ರೋ ಅಂದ. ಬಿಟ್ಟರು... ಇವನ ಕಡೆ ತಿರುಗಿದ್ರು. ಮುದುಕ ಎದ್ದು ಓಡಿದ. ಮೊದಲನೇ ಏಟಿಗೇ ಅಣ್ಣನ ತಲಿ ಒಡೀತು. ಕಣ್ಣಾಗ ರಕ್ತ ಇಳೀತು. ಎರಡನೇದು ಮೊಣಕಾಲಿಗೆ. ತೆವಳಕೋತ ಹೋಗಿ ಚರ್ಚಿನ ಭಾವಿ ಕಡೆ ಬಾಗಲಾ ದೂಡಿದ. ದಿನಾ ಕೀಲಿ ಇರತೈತಿ. ಅವತ್ತು ತೆರೀತು.

ಒಳಗ ಕತ್ತಲ. ಫಿನೈಲ್ ವಾಸನಿ. ಅವರೂ ಹಿಂದ ಬಂದ್ರು, ರಾಡು ಕಲ್ಲಿಗೆ ತಿಕ್ಕಕೋತ, ಕರ್ರ್... ಕರ್ರ್... ಅಷ್ಟರಾಗ ಅಣ್ಣನ ಹಣಿ ಮ್ಯಾಲೆ ಒಂದು ತಣ್ಣಗಿನ ಕೈ. ಕಿವಿ ಹತ್ರ ಹೆಣ್ಣಿನ ದನಿ.

“ಹಲೂ ನಕೋ.”

ಅಲುಗಬ್ಯಾಡ ಅಂತ, ಮರಾಠಿಯೊಳಗ.

ಆಮ್ಯಾಲೆ ಕಿರ್... ಕಿರ್... ಎಷ್ಟೋ ಖಾಟಿನಿಂದ ಮಂದಿ ಒಮ್ಮೆಲೇ ಎದ್ದಂಗ. ಬರೀಗಾಲಿನ ಸಪ್ಪಳ. ರಾಡು ಬಿತ್ತು, ಠಣ್. ಒಬ್ಬ ಚೀರಿದ. ಕಟಕ್... ಹಸೀ ಕಟಿಗಿ ಮುರದಂಗ. ಮತ್ತ ಕಟಕ್. ಯಾರನ್ನೋ ನೆಲದ ಮ್ಯಾಲೆ ದರದರ ಎಳಕೊಂಡು ಹೋದರು... ಅಣ್ಣಗ ಅಷ್ಟೇ ನೆನಪು.

ಮುಂಜಾನೆ ಚರ್ಚಿನ ಕಾವಲುಗಾರ ಪಾಂಡುರಂಗ ಬಂದು ನೋಡಿದ್ರ, ಅಣ್ಣ ಬೆಂಚಿನ ಮ್ಯಾಲೆ ಮಲಗಿದ್ದ. ಭಾವಿ ಹತ್ರ ಒಬ್ಬ ಸತ್ತು ಬಿದ್ದಿದ್ದ. ಇನ್ನೊಬ್ಬನ ಎರಡೂ ತೋಳು ಮುರದಿದ್ದವು. ಎಷ್ಟು ಮಂದಿ ಬಡದ್ರು ಅಂತ ಪೊಲೀಸರು ಕೇಳಿದ್ರ, ಆ ತೋಳು ಮುರದಾಂವ ಎಣಸಲಿಲ್ಲ ಅಂದನಂತ.

“ಎಲ್ಲಾರಿಗೂ ಜ್ವರ ಇತ್ತು. ಕೈ ಸುಡತಿದ್ದವು.”

ಅಣ್ಣನ ತಲಿಗೆ ದವಾಖಾನಿ ಮುಟ್ಟೋ ಮೊದಲೇ ಏಳು ಹೊಲಿಗಿ ಬಿದ್ದಿದ್ದವು. ದವಾಖಾನ್ಯಾಗ ಹಿರೇ ಡಾಕ್ಟರು ಚಿಮುಟದಿಂದ ಒಂದನ್ನ ಬಿಡಿಸಿ, ಬೆಳಕಿಗೆ ಹಿಡದು ನೋಡಿ, ಯಾರು ಹಾಕಿದ್ದು ಅಂತ ಕೇಳಿದ್ರು. ದಾರ ಅಲ್ಲ ಅದು. ಕುದುರಿ ಕೂದಲು. ಪ್ಲೇಗಿನ ಕಾಲದಾಗ ಡಾಕ್ಟರು ಅದರಿಂದಲೇ ಗಾಯ ಹೊಲೀತಿದ್ರಂತ. ನಾ ಅಲ್ಲೇ ಬಾಜೂಕ ನಿಂತಿದ್ದೆ, ನನ್ನ ಕಣ್ಣಿಲೆ ನೋಡೀನಿ.