ಹಣೆಯ ಮೇಲೆ ಬರೆದ ಗಂಟೆ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ನನಗಿಂತ ಮೆತ್ತನೆಯ ಕುರ್ಚಿಗಳಲ್ಲಿರುವ ಗಣ್ಯರೇ, ಮುಂದಿನ ವಾರ ಹಡಗು ಹತ್ತಲಿರುವ ನಲವತ್ತು ಮಂದಿ ಶಿಬಿರಾರ್ಥಿಗಳೇ, ಮುಂದಿನ ಸಾಲಿನಲ್ಲಿರುವ ನನ್ನ ಹೆಂಡತಿಯೇ, ಅವಳ ತಮ್ಮನೇ, ಸಭಿಕರೇ,

ನಾವಿಕರ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಈ ಸಂಸ್ಥೆಯದು ನೂರಕ್ಕೆ ನೂರು ಫಲಿತಾಂಶವೆಂದು ಪ್ರಾಂಶುಪಾಲರು ಈಗಷ್ಟೇ ಹೇಳಿದರು. ಸಂತೋಷ. ಈ ಸಂಗತಿಯನ್ನು ಸಮುದ್ರಕ್ಕೆ ಯಾರಾದರೂ ತಿಳಿಸಿದ್ದೀರಾ?

ನಾನು ಹಂಚಬೇಕಾದ ನಲವತ್ತು ಪ್ರಮಾಣಪತ್ರಗಳು ಈ ಮೇಜಿನ ಮೇಲಿವೆ. ಬರುವ ದಾರಿಯಲ್ಲಿ ತರಬೇತಿ ಕೋಣೆಗೆ ಇಣುಕಿದೆ. ಎದೆ ಒತ್ತಿ ಕಲಿಯುವ ಗೊಂಬೆ ಮೂಲೆಯಲ್ಲಿ ಮಲಗಿತ್ತು. ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿಲ್ಲ. ಬೆಲೆಯ ಚೀಟಿ ಕಿವಿಯೋಲೆಯ ಹಾಗೆ ನೇತಾಡುತ್ತಿದೆ. ನಲವತ್ತು ಜನ ಜೀವ ಉಳಿಸಲು ಕಲಿತರಂತೆ. ಗೊಂಬೆಗೆ ಸುದ್ದಿಯೇ ಇಲ್ಲ. "ಯಾರೂ ಮುಟ್ಟಲ್ವೇನಪ್ಪ ಇದನ್ನ?" ಎಂದು ಕಾವಲುಗಾರನನ್ನು ಕೇಳಿದೆ. "ಮುಟ್ಟಿದ್ರೆ ಹಾಳಾಗುತ್ತಲ್ಲ ಸಾರ್. ತಪಾಸಣೆಗೆ ಬರೋರಿಗೆ ತೋರಿಸೋಕೆ ಇಟ್ಟಿರೋದು," ಎಂದ. ನಾಲ್ಕು ದಿನದ ತರಬೇತಿ ಒಂದೇ ಮಧ್ಯಾಹ್ನದಲ್ಲಿ ಮುಗಿದಿದೆ. ಅದರಲ್ಲೂ ಚಹಾಕ್ಕೆ ಎರಡು ಸಲ ಬಿಡುವು. ಈಜು ಕಲಿಸುತ್ತೇನೆಂದು ಚಾಪೆಯ ಮೇಲೆ ಹೊರಳಾಡಿಸಿದರಂತೆ, ಹಾಗಾಯಿತು.

ನನ್ನ ಪ್ರಮಾಣಪತ್ರವೂ ಇದೇ ಜಾತಿಯದು. ನಮ್ಮ ಮೇಷ್ಟ್ರು ಕುರ್ಚಿಯಿಂದ ಏಳದೆ ಬರೆಸಿದರು: "ರಕ್ತ ನಿಲ್ಲದಿದ್ದರೆ ಗಾಯದ ಮೇಲ್ಗಡೆ ಪಟ್ಟಿ ಬಿಗಿಯಿರಿ. ಬಿಗಿದ ಹೊತ್ತನ್ನು ಹಣೆಯ ಮೇಲೆ ಬರೆಯಿರಿ. ಎರಡು ಗಂಟೆ ಮೀರಿದರೆ ಅಂಗಕ್ಕೇ ಅಪಾಯ." ಬರೆದುಕೊಂಡೆವು, ಪಾಸಾದೆವು. ಯಾವ ಗಡಿಯಾರದ ಹೊತ್ತು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ದಡದವರಿಗೆ ಒಂದು ವಿವರಣೆ. ಹಡಗು ಪಶ್ಚಿಮಕ್ಕೆ ಹೋಗುವಾಗ ಗಡಿಯಾರವನ್ನು ಆಗಾಗ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ನಮ್ಮಲ್ಲಿ ಅದು ಸಂಜೆ ಐದಕ್ಕೆ. ಆ ಕೆಲಸ ಎರಡನೇ ಅಧಿಕಾರಿಯದು; ಔಷಧಿ ಪೆಟ್ಟಿಗೆಯೂ ಅವನದೇ. ಅವನೆಂದರೆ ನಾನು.

ಹದಿನೆಂಟು ವರ್ಷದ ಹಿಂದೆ ಒಂದು ದಿನ ಹಗ್ಗ ಸುತ್ತುವ ಯಂತ್ರಕ್ಕೆ ಒಬ್ಬನ ಬಲಗೈ ಸಿಕ್ಕಿತು. ಪಟ್ಟಿ ಬಿಗಿದೆ. ಹಣೆಯ ಮೇಲೆ ನಾಲ್ಕೂ ಹತ್ತು ಎಂದು ಬರೆದೆ. ಅಷ್ಟು ನೋವಿನಲ್ಲೂ ಅವನು, "ಏನ್ ಬರೀತಿದೀರಿ ಭಾವ? ನನ್ನ ಹೆಸರು ನನಗೆ ನೆನಪಿದೆ," ಎಂದ. ಆಮೇಲೆ ಮೆಲ್ಲಗೆ, "ಅಕ್ಕಂಗೆ ಹೇಳ್ಬೇಡಿ," ಎಂದ.

ಐದಾಯಿತು. ಗಾಣದ ಎತ್ತಿಗೆ ಸುತ್ತುವುದನ್ನು ಯಾರು ಹೇಳಿಕೊಡಬೇಕು? ಎದ್ದು ಹೋಗಿ ಗಡಿಯಾರವನ್ನು ನಾಲ್ಕಕ್ಕೆ ತಿರುಗಿಸಿ ಬಂದೆ. ಬಹಳ ಹೊತ್ತಿನ ಮೇಲೆ ದಡದ ವೈದ್ಯರು ರೇಡಿಯೋದಲ್ಲಿ ಸಿಕ್ಕರು. "ಕಟ್ಟಿ ಎಷ್ಟು ಹೊತ್ತಾಯ್ತು?" ಗೋಡೆ ನೋಡಿದೆ, ಐದು. ಹಣೆ ನೋಡಿದೆ, ನಾಲ್ಕೂ ಹತ್ತು. "ಐವತ್ತು ನಿಮಿಷ ಡಾಕ್ಟ್ರೇ." "ಹಾಗಾದ್ರೆ ಸಮಯ ಇದೆ. ಒಂದು ಗಂಟೆ ಬಿಟ್ಟು ಕರೀರಿ, ಸಡಿಲಿಸೋದು ಹೇಗೆ ಅಂತ ಹೇಳ್ತೀನಿ."

ನಾನೇ ಹಿಂದಕ್ಕೆ ತಿರುಗಿಸಿದ್ದ ಒಂದು ಗಂಟೆ ಲೆಕ್ಕಕ್ಕೆ ಬರಲಿಲ್ಲ. ಎರಡು ಗಂಟೆ ತುಂಬಲು ಉಳಿದಿದ್ದುದು ಹತ್ತೇ ನಿಮಿಷ. ನಾನು ಒಂದು ಗಂಟೆ ಕಾದೆ. ಕೈ ಮೊಣಕೈವರೆಗೆ ಹೋಯಿತು.

ಹಡಗಿನ ದಿನಚರಿ ಪುಸ್ತಕ ಬರೆಯಲು ಕೂತಾಗ ಗೊತ್ತಾಯಿತು. ಗೊತ್ತಾದದ್ದನ್ನು ಬರೆಯಲಿಲ್ಲ. ಕಂಪನಿಯವರು ನನ್ನ ಸಮಯಪ್ರಜ್ಞೆಯನ್ನು ಮೆಚ್ಚಿ ಪತ್ರ ಕೊಟ್ಟರು. ಆ ಪತ್ರ ನೋಡಿಯೇ ನೀವು ನನ್ನನ್ನು ಕರೆದಿರಿ. ಮನೆಯಲ್ಲಿ ನಮ್ಮ ಅತ್ತೆ, "ಅವನ ಹಣೆಬರಹ ಅಳಿಯಂದಿರೇ. ಜೀವ ಉಳಿಸಿದ್ರಲ್ಲ, ಅಷ್ಟೇ ಸಾಕು," ಎಂದರು. ಹಣೆಯ ಮೇಲೆ ಬರೆದವನು ಎದುರಿಗೇ ಕೂತು ಹೂಂಗುಟ್ಟಿದ.

ಇದನ್ನು ಹೇಳಲು ಬಂದವನಲ್ಲ ನಾನು. ನಿಮ್ಮನ್ನು ನಾಲ್ಕು ಮಾತು ಬೈದು ಊಟ ಮಾಡಿ ಹೋಗೋಣವೆಂದು ಬಂದೆ. ಹದಿನೆಂಟು ವರ್ಷ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳಿದ್ದೇನೆ ಕಣಯ್ಯಾ. ಮನೆಗೆ ಹೋದ ಮೇಲೆ ನೀನೂ ನಿನ್ನಕ್ಕನೂ ಏನು ಬೇಕಾದರೂ ಅನ್ನಿ.

ಪ್ರಾಂಶುಪಾಲರೇ, ಈ ಪ್ರಮಾಣಪತ್ರಗಳನ್ನು ನಾನು ಹಂಚುವುದಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ಒಂದು ಕತ್ತರಿ ತೆಗೆದಿಡಿ, ಮೊದಲು ಗೊಂಬೆಯ ಕವರು ಬಿಚ್ಚೋಣ. ನಾಲ್ಕು ದಿನವೆಂದರೆ ನಾಲ್ಕು ದಿನ. ಗಡಿಯಾರವನ್ನು ಯಾರೂ ಮುಟ್ಟಕೂಡದು.

ಕರೆದವರಿಗೂ ಕೇಳಿದವರಿಗೂ ಕೃತಜ್ಞತೆಗಳು. ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಮುಂದಿನ ಸಾಲಿನಲ್ಲಿ ಒಬ್ಬನಿಗೆ ಅದು ಆಗುವುದಿಲ್ಲ.

ನಮಸ್ಕಾರ.